ಭಟ್ಟಿಯ ಗೋಡೆಯ ಮೇಲಿನ ಅಂಗೈ

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇಲ್ಲ. ಬಸ್ಸು ತಡವಾದರೆ ಹೆದರುತ್ತೇನೆ, ಬೇಗ ಬಂದರೂ ಹೆದರುತ್ತೇನೆ. ಆದರೆ ಭೂತ, ಗಾಳಿ, ಸೋಂಕು ಅಂತ ಯಾರಾದರೂ ಶುರು ಮಾಡಿದರೆ ಮೊದಲು ನಗುವವನೂ ನಾನೇ. ಇರುವ ಚಿಂತೆಗಳಿಗೇ ಜಾಗ ಸಾಲದಿರುವಾಗ ಇಲ್ಲದವುಗಳನ್ನು ಎಲ್ಲಿ ಇಟ್ಟುಕೊಳ್ಳಲಿ? ಈಗ ಹೇಳುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾವು ಮುಧೋಳದ ಕಡೆಯ ಕುಂಬಾರರು. ನಮ್ಮ ಹಿತ್ತಲಲ್ಲಿ ಅಜ್ಜನ ಕಾಲದಿಂದ ಗಡಿಗೆ ಸುಡುವ ಬಯಲು ಆವಿಗೆ ಇತ್ತು. ನೆಲದ ಮೇಲೆ ಗಡಿಗೆ ಒಟ್ಟಿ, ಸಗಣಿಯ ಕುಳ್ಳು ಮತ್ತು ಕಬ್ಬಿನ ಒಣಗರಿಯ ರವದಿ ಹೊದಿಸಿ, ಮೇಲೆ ಹಸಿ ಮಣ್ಣು ಮೆತ್ತಿ ಬೆಂಕಿ ಕೊಡುವುದು. ಒಳಗೇನು ನಡೆದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ತಿಳಿಯುತ್ತಿದ್ದವಳು ಅವ್ವ. ಮಣ್ಣಿನ ಹೊದಿಕೆಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತು, "ಆತು" ಅನ್ನುವಳು. ಆಗ ಗಾಳಿಕಂಡಿಗಳನ್ನು ಮುಚ್ಚುತ್ತಿದ್ದೆವು. ಅಪ್ಪ ಇದ್ದಾಗಲೂ, ಹೋದಮೇಲೂ ಆ ಮಾತು ಅವಳದೇ.

ಬರಬರುತ್ತ ಸುತ್ತ ಮನೆಗಳೆದ್ದವು, ಹೊಗೆಗೆ ದಿನಾ ಜಗಳ. ಗಾಳಿ ತಿರುಗಿದರೆ ಅರ್ಧ ಗಡಿಗೆ ಒಡೆದೇ ಹೋಗುತ್ತಿದ್ದವು. ಕೊನೆಗೆ ಆವಿಗೆಯ ಜಾಗದಲ್ಲೇ ಇಟ್ಟಿಗೆಯ ದುಂಡನೆಯ ಭಟ್ಟಿ ಕಟ್ಟಿಸಿದೆ. ಕೆಳಗೆ ಬೆಂಕಿಯ ಬಾಯಿ, ಮೇಲೆ ಗಡಿಗೆ, ಪಕ್ಕದಲ್ಲಿ ಇಣುಕಿ ನೋಡಲು ಒಂದು ಕಿಂಡಿ. ಅವ್ವ ಅದರ ಸುತ್ತ ಒಮ್ಮೆ ನಡೆದು ಗೋಡೆ ಮುಟ್ಟಿದಳು.

"ಇಷ್ಟ ದಪ್ಪ ಗೋಡಿ ಕಟ್ಟಿದ್ರ ಒಳಗಿಂದು ಕೈಗೆ ಹೆಂಗ ತಿಳೀಬೇಕೋ? ಇದು ನನ್ನ ಕೂಡ ಮಾತಾಡಂಗಿಲ್ಲ."

"ಕೈ ಯಾಕ ಬೇ, ಕಿಂಡ್ಯಾಗ ಕಣ್ಣಿಲೆ ನೋಡಿದ್ರಾತು."

"ಹಂಗಾರ ನಿನ್ನ ಕಣ್ಣಿಲೇನ ಸುಡು. ನಂದೇನೈತಿ ಇಲ್ಲಿ?"

ಭಟ್ಟಿಗೆ ಮೊದಲ ಬೆಂಕಿ ಇಡುವ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಚಿಮ್ಮಡಕ್ಕೆ, ಅಕ್ಕನ ಮನೆಗೆ ಹೋಗಿಬಿಟ್ಟಳು.

ಆ ಮೊದಲ ಬೆಂಕಿಯಲ್ಲೇ ಮೇಲಿನ ಓಣಿಯ ಶಿವಪ್ಪನ ಮಗಳ ಮದುವೆಯ ಐರಾಣಿ ಗಡಿಗೆಗಳಿದ್ದವು. ಮರುದಿನ ಮಧ್ಯಾಹ್ನ ಹೆಂಗಸರು ವಾಲಗದೊಂದಿಗೆ ನಮ್ಮ ಬಾಗಿಲಿಗೆ ಬಂದು, ಪೂಜೆ ಮಾಡಿ, ಅವನ್ನು ಹೊತ್ತೊಯ್ಯಬೇಕು. ಸಂತೆಯ ಗಡಿಗೆ ಅದಕ್ಕೆ ನಡೆಯುವುದಿಲ್ಲ. ಅವರ ಮನೆಗೆ ಐರಾಣಿ ಕೊಡುವ ಹಕ್ಕು ಅಜ್ಜನ ಕಾಲದಿಂದ ನಮ್ಮದು. ಗಡಿಗೆ ಕೆಟ್ಟರೆ ಮದುವೆಗೆ ಅಪಶಕುನ, ಹಕ್ಕು ದಾಯಾದಿಯ ಮನೆಗೆ, ಅವ್ವನ ಮುಂದೆ ನನ್ನ ಮುಖ ಯಾವ ಕಡೆಗೋ! ಹಿಂದಿರುಗೋಣವೆಂದರೆ ಹಳೆಯ ಆವಿಗೆಯ ಜಾಗವೂ ಉಳಿದಿರಲಿಲ್ಲ.

ದಿನವಿಡೀ ಹತ್ತಿಕಟ್ಟಿಗೆ ತುರುಕುತ್ತ ಕೂತೆ. ಭಟ್ಟಿ ಕಟ್ಟಿದ ಗೌಂಡಿ, ಗಡಿಗೆ ಕೆಂಡದ ಬಣ್ಣಕ್ಕೆ ಬಂದಾಗ ನಿಲ್ಲಿಸು ಅಂದಿದ್ದ. ಕಿಂಡಿಯಲ್ಲಿ ಇಣುಕಿದರೆ ಒಮ್ಮೆ ಬಂದಂತೆ, ಒಮ್ಮೆ ಬಾರದಂತೆ. ಬೇಗ ನಿಲ್ಲಿಸಿದರೆ ಗಡಿಗೆ ನೀರಲ್ಲಿ ಕರಗುತ್ತವೆ, ತಡವಾದರೆ ಸೊಟ್ಟಗಾಗಿ ಸೀಳುತ್ತವೆ. ನೋಡಿ ನೋಡಿ ಕಣ್ಣು ಉರಿದು, ನನ್ನ ಕಾಲಬೆರಳೂ ಕೆಂಪಗೆ ಕಾಣತೊಡಗಿದವು.

ದೀಪ ಹಚ್ಚುವ ಹೊತ್ತು. ಗೋಡೆಯ ಒಂದು ಬಿರುಕಿನಿಂದ ಹೊಗೆ ಬರುತ್ತಿತ್ತು. ಹಸಿ ಮಣ್ಣು ಮೆತ್ತಿ, ಕಟ್ಟಿಗೆ ತರಲು ಬೇಲಿಯತ್ತ ಹೋದೆ. ಹೊರೆ ಹೊತ್ತು ತಿರುಗಿದರೆ, ಆ ಹಸಿ ಮಣ್ಣಿನಲ್ಲಿ ಒಂದು ಅಂಗೈ ಒತ್ತಿತ್ತು. ಅಂಗೈಯ ಬುಡ ಆಳವಾಗಿ ಕೂತಿತ್ತು, ಬೆರಳ ತುದಿಗಳು ಮೂಡಿರಲಿಲ್ಲ. ಬಿಸಿಗೆ ಅಂಜಿ ತುದಿ ಎತ್ತಿ ಹಿಡಿಯುವವರ ಕೈ ಹಾಗೇ ಒತ್ತುತ್ತದೆ. ಅದರಿಂದ ಆವಿ ಏಳುತ್ತಿತ್ತು. ನನ್ನ ಕೈಯನ್ನು ಮುಟ್ಟಿಸದೆ ಮೇಲೆ ಹಿಡಿದು ನೋಡಿದೆ. ನನ್ನದಕ್ಕಿಂತ ಬಹಳ ಸಣ್ಣದು. ಹಿತ್ತಲಿನಿಂದ ಓಣಿಗೆ ಹೋಗುವ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ. ಅವಳು ರೊಟ್ಟಿ ಬಡಿಯುವ ಸಪ್ಪಳ ಆಗಿನಿಂದ ಒಮ್ಮೆಯೂ ನಿಂತಿರಲಿಲ್ಲ, ಆಗಲೂ ಕೇಳುತ್ತಲೇ ಇತ್ತು.

ಹೊರೆ ಅಲ್ಲೇ ಬಿಸಾಕಿ ಅಡುಗೆಮನೆಗೆ ಓಡಿದೆ.

"ಯಾಕ್ರೀ, ಎದ್ದ ಬಂದ್ರಿ? ಕಟಗಿ ಯಾರು ಹಾಕ್ತಾರ?"

"ಸಾಕು."

"ಸಾಕಂದ್ರ? ಯಾರು ಹೇಳಿದ್ರು?"

ಕಂದೀಲು ಹಿಡಿಯಲು ಬಾ ಎಂದು ಅವಳನ್ನು ಕರೆದುಕೊಂಡೇ ಹೋಗಿ ಬೆಂಕಿಯ ಬಾಯಿ ಮುಚ್ಚಿದೆ. ಅಷ್ಟರಲ್ಲಿ ಆ ಮೆತ್ತಿಗೆ ಒಣಗಿ ಬಿರಿದು ಉದುರಿತ್ತು. ಅವಳಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಬೆಂಕಿ ನಿಲ್ಲಿಸಿದ್ದು ಯಾವ ನಂಬಿಕೆಯಿಂದಲೂ ಅಲ್ಲ. ಆ ಗೋಡೆಯ ಪಕ್ಕದಲ್ಲಿ ಮತ್ತೆ ಕೂರುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಭಟ್ಟಿ ತೆರೆದೆ. ಒಂದು ಗಡಿಗೆಯೂ ಸೀಳಿರಲಿಲ್ಲ. ಬಡಿದರೆ ಖಣ್ ಎಂದವು. ಸುಣ್ಣ ಬಳಿದು ಬಣ್ಣ ಹಾಕಿದೆವು, ಶಿವಪ್ಪನ ಮನೆಯವರು ಸಂಭ್ರಮದಿಂದ ಹೊತ್ತೊಯ್ದರು. ಮೊದಲ ಸಲಕ್ಕೇ ಇಷ್ಟು ಹದ ಹೆಂಗ ಹಿಡಿದಿ ಎಂದು ಎಲ್ಲರೂ ಕೇಳಿದರು. ಅಂದಾಜಿನ್ಯಾಗ, ಎಂದೆ.

ಕೆಲ ದಿನಗಳ ಮೇಲೆ ಅಕ್ಕ ಅವ್ವನನ್ನು ಕರೆತಂದಳು. ಬಂದವಳೇ ನಗುತ್ತ ದೂರು ಹೇಳತೊಡಗಿದಳು.

"ಅವ್ವಗ ಅರಳುಮರಳು ಸುರು ಆಗೇತಿ ನೋಡು. ನೀ ಭಟ್ಟಿ ಹಚ್ಚಿದ ದಿನಾ ಸಂಜಿಮುಂದ ಚಾ ಕುಡಿಯಾಕತ್ತಾಕಿ ಬಟ್ಟಲಾ ಇಟ್ಟು ಎದ್ದು, ನಮ್ಮ ಗೋಡಿಗೆ ಕೈ ಹಚ್ಚಿ ನಿಂತ್ಲು. ಆಮ್ಯಾಲ ತಾನ ಬಂದು ಚಾ ಕುಡದ್ಲು."

ನಾನು ಅವ್ವನ ಮುಖ ನೋಡಿದೆ. ಅವಳು ಉಳಿದಿದ್ದ ಒಂದು ಗಡಿಗೆಯನ್ನು ಎತ್ತಿ ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದಿದ್ದಳು.

"ಗೋಡಿಗೆ ಯಾಕ ಕೈ ಹಚ್ಚಿದ್ಯವ್ವಾ?"

"ಬ್ಯಾಸಗಿ ಅಲ್ಲೇನೋ. ಗೋಡಿ ತಂಪಿತ್ತು."

"ತಂಪೆಲ್ಲಿ ಬೇ! ಪಡುವಣ ಗೋಡಿ ಅದು, ಸಂಜಿಗೆ ಹೆಂಚಿನಂಗ ಕಾದಿರತೈತಿ," ಎಂದು ಅಕ್ಕ ಇನ್ನೂ ನಕ್ಕಳು.

ಅವ್ವ ಗಡಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಆಮೇಲಿನ ಭಟ್ಟಿಗಳನ್ನೆಲ್ಲ ನನ್ನ ಕಣ್ಣಳತೆಯಲ್ಲೇ ಸುಟ್ಟೆ. ಕೆಲವು ಹಸಿ ಉಳಿದವು, ಕೆಲವು ಸೊಟ್ಟಗಾದವು. ಗೋಡೆಯ ಮೇಲೆ ಮತ್ತೆಂದೂ ಏನೂ ಕಾಣಲಿಲ್ಲ.

ಅವ್ವ ಹೋಗಿ ವರ್ಷಗಳಾದವು. ಆಕೆ ಸತ್ತಮೇಲೆ ಆ ಅಂಗೈ ಕಂಡಿದ್ದರೆ ಭೂತ ಅಂದುಕೊಂಡು ಹೆದರಿ, ಒಂದು ತೆಂಗಿನಕಾಯಿ ಒಡೆದು ಸುಮ್ಮನಾಗಬಹುದಿತ್ತು. ಆದರೆ ಆಗ ಅವಳು ಬದುಕಿದ್ದಳು. ಚಿಮ್ಮಡದಲ್ಲಿ, ನನ್ನ ಮೇಲೆ ಸಿಟ್ಟಾಗಿ, ಚಹಾ ಕುಡಿಯುತ್ತಿದ್ದಳು. ಅದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.