ಕಾಸಾರಶಿರಸಿಯಲ್ಲಿ ಮರಾಠಿ ಮಾತಾಡಿದ್ದು

ಉಮರ್ಗಾ ನಿಲ್ದಾಣದಿಂದ ನಿಲಂಗಾದ ಬಸ್ಸು ಎಂಟಕ್ಕೆ ಹೊರಡಬೇಕಿತ್ತು. ಹೊರಟಾಗ ಎಂಟೂ ಮುಕ್ಕಾಲು. ನಾನು ಪುಣೆಯಿಂದ ಹಿಂದಿನ ದಿನವೇ ಬಂದು ಹತ್ತಿರದ ಗುಂಜೋಟಿಯ ನಮ್ಮ ಮನೆಯಲ್ಲಿ ಮಲಗಿದ್ದೆ. ನಮ್ಮ ತಂಡದ ಹಾಡುಗಾರ ಪ್ರಸಾದ ಆ ಬೆಳಿಗ್ಗೆ ಪುಣೆಯ ಬಸ್ಸಿನಿಂದ ಇಳಿದು ನನ್ನನ್ನು ಕೂಡಿಕೊಂಡ. ಮರುದಿನ ಉದಗೀರದಲ್ಲಿ ಒಂದು ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಅವನು ಹಾಡುವುದು, ನಾನು ಗಿಟಾರ್ ನುಡಿಸುವುದು; ತಂಡದ ಉಳಿದವರು ವ್ಯಾನಿನಲ್ಲಿ ನೇರವಾಗಿ ಅಲ್ಲಿಗೇ ಬರುವವರಿದ್ದರು. ಇದೇ ನನ್ನ ಹೊಟ್ಟೆಪಾಡು. ಮದುವೆ, ಮುಂಜಿ, ಹೋಟೆಲ್ಲು, ಉಳಿದ ದಿನ ಮಕ್ಕಳಿಗೆ ಪಾಠ.

ಚಳಿ ಚೆನ್ನಾಗಿತ್ತು. ಕಂಡಕ್ಟರ್ ನನ್ನ ಗಿಟಾರಿನ ಚೀಲವನ್ನು ಬೆರಳಿಂದ ತಟ್ಟಿ, ಇದು ಗಂಡೋ ಹೆಣ್ಣೋ ಎಂದು ಮರಾಠಿಯಲ್ಲಿ ಕೇಳಿದ. ಹೆಣ್ಣಾದರೆ ಅರ್ಧ ಟಿಕೀಟು, ಸರ್ಕಾರದ್ದೇ ನಿಯಮ ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು, ಆಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕಿಟಕಿಯಾಚೆ ತೊಗರಿ ಒಣಗಿ ಕಪ್ಪಗೆ ನಿಂತಿತ್ತು, ಜೋಳ ಇನ್ನೂ ಹಸಿರಾಗಿತ್ತು. ಅಲ್ಲಿಯತನಕ ಎಲ್ಲ ಸರಿಯಿತ್ತು.

ಕಾಸಾರಶಿರಸಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ನಿಲ್ದಾಣದ ಎದುರಿಗೇ ಗುರಬಾಯಿ ಕಾಕುವಿನ ಬಟ್ಟೆ ಅಂಗಡಿ. ಕಾಕು, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುವ ಈಕೆ ನನಗೆ ಯಾರು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಇದನ್ನು ನಾನು ಪುಣೆಯಲ್ಲಿ ಯಾರಿಗೂ ಹೇಳಿಲ್ಲ. ಕಾಲೇಜಿಗೆಂದು ಸೋದರಮಾವನ ಮನೆಯಲ್ಲಿ ಎರಡು ವರ್ಷ ಈ ಊರಲ್ಲಿದ್ದೆ. ಕಾಕುವಿನ ತಮ್ಮ ಊರು ಬಿಡುವಾಗ ಒಂದು ಗಿಟಾರ್ ಬಿಟ್ಟುಹೋಗಿದ್ದ. ಕಾಕು ಭಜನೆಯ ಮನೆತನದ ಹೆಣ್ಣುಮಗಳು, ಗಿಟಾರ್ ಕಲಿಸುವವರು ಯಾರೂ ಇಲ್ಲ. ತನಗೆ ತಿಳಿದಂತೆ ಆರು ತಂತಿಗಳನ್ನೂ ಸಾ-ಪ-ಸಾ ಶ್ರುತಿಗೆ ಏರಿಸಿ ಇಳಿಸಿ, ಏಕತಾರಿಯ ಹಾಗೆ ಮೀಟುತ್ತ ಹಾಡುತ್ತಿದ್ದಳು. ಗಿರಾಕಿ ಇಲ್ಲದ ಮಧ್ಯಾಹ್ನ ಬಟ್ಟೆಯ ಥಾನುಗಳ ನಡುವೆ ಕೂರಿಸಿ ನನಗೂ ಕಲಿಸಿದಳು. ತಂತಿ ಬಿಗಿಯುವ ಗೂಟಗಳಿಗೆ ಆಕೆ ಕಿವಿ ಎನ್ನುತ್ತಿದ್ದಳು. ಶ್ರುತಿ ತಪ್ಪಿದರೆ ‘ಕಿವಿ ಹಿಂಡು’ ಎನ್ನುವಳು. ಹಿಂಡದಿದ್ದರೆ ನನ್ನ ಕಿವಿಯನ್ನೇ ಹಿಂಡುವಳು.

ಪುಣೆಗೆ ಹೋಗಿ ಕ್ಲಾಸಿಗೆ ಸೇರಿದ ಮೊದಲ ದಿನ ಮಾಸ್ತರರು ನನ್ನ ಗಿಟಾರನ್ನು ಮೀಟಿ ನೋಡಿ, ಯಾವ ಮಠದಿಂದ ತಂದೆ ಎಂದು ಕೇಳಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಇದಕ್ಕೂ ಮುಂಚೆ ಏನೂ ಕಲಿತಿಲ್ಲ, ಹೀಗೇ ತಿರುವಿದ್ದೆ ಎಂದುಬಿಟ್ಟೆ. ಅಂದಿನಿಂದ ಅದೇ ನನ್ನ ಚರಿತ್ರೆಯಾಯಿತು. ಪ್ರಸಾದನ ಲೆಕ್ಕದಲ್ಲಿ ನಾನು ಪುಣೆಯಲ್ಲಿ ಕಲಿತ ಮರಾಠಿ ಹುಡುಗ. ಮನೆಯಲ್ಲಿ ಕನ್ನಡ ಎಂಬುದನ್ನೂ ಹೇಳಿರಲಿಲ್ಲ.

ಕಿಟಕಿಯಲ್ಲಿ ಚೀಲ ಕಂಡಿತೋ ಏನೋ, ಕಾಕು ಗಜಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಶಿವ್ಯಾ, ಯಾವಾಗ ಬಂದ್ಯೋ? ಕಿವಿ ಹಿಂಡಲಾಕ ಮರ್ತಿಲ್ಲ ಹೌದಿಲ್ಲೋ?”

ಪಕ್ಕದಲ್ಲಿ ಪ್ರಸಾದ. ನನ್ನ ಬಾಯಿಂದ ಬಂದದ್ದು ಇದು: “ಹೋ, ಕಾಲಚ ಆಲೋ. ತುಮ್ಹೀ ಕಶಾ ಆಹಾತ?” ನಿನ್ನೆ ಬಂದೆ, ನೀವು ಹೇಗಿದ್ದೀರಿ.

ಗಡಿಯ ನಮ್ಮ ಕಡೆ ಎರಡೂ ಭಾಷೆ ಎಲ್ಲರಿಗೂ ಬರುತ್ತವೆ. ಬಜಾರಿನಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ. ಮಾತು ಮಾತಿಗೂ ಅದಲುಬದಲು ಮಾಡುತ್ತೇವೆ. ಆದರೆ ಒಬ್ಬರು ಕನ್ನಡದಲ್ಲಿ ‘ನೀ’ ಎಂದು ಕರೆದಾಗ ಮರಾಠಿಯಲ್ಲಿ ‘ನೀವು’ ಎಂದರೆ, ನೀನು ಯಾರೋ ನಾನು ಯಾರೋ ಎಂದ ಹಾಗೆ. ಇದು ನನಗೆ ಗೊತ್ತಿತ್ತು. ಆಕೆಗಂತೂ ಗೊತ್ತೇ ಇತ್ತು. ಕಾಕು ಒಂದು ಗಳಿಗೆ ಪ್ರಸಾದನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಅಚ್ಚ ಮರಾಠಿಯಲ್ಲಿ, ತಮ್ಮ ಕೆಲಸ ಚೆನ್ನಾಗಿ ನಡೆದಿದೆಯಲ್ಲ ಎಂದು ಬಹುವಚನದಲ್ಲಿ ಕೇಳಿದಳು. ಹೌದು ಎಂದೆ. ಯಾರವರು ಎಂದು ಪ್ರಸಾದ ಕೇಳಿದಾಗ ಆಕೆ ಇನ್ನೂ ಕಿಟಕಿಯ ಕೆಳಗೇ ಇದ್ದಳು. “ಓಳಖೀಚ್ಯಾ ಆಹೇತ” ಎಂದೆ, ಗುರುತಿನವರು ಅಂತ.

ನಿಲಂಗಾದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿಯ ಗಾಡಿಗಳ ಮೇಲೆ ಮಾರುವ ಖಾರದ ಅನ್ನಕ್ಕೆ ಎಲ್ಲ ಕಡೆ ಹೆಸರು, ನಿಲಂಗಾ ರೈಸ್ ಅಂತಲೇ ಕರೆಯುತ್ತಾರೆ. ಪ್ರಸಾದ ಕಣ್ಣಲ್ಲಿ ನೀರು ಸುರಿಸುತ್ತ ಎರಡು ಪ್ಲೇಟು ತಿಂದ. ನನಗೆ ನಾಲ್ಕು ತುತ್ತೂ ಇಳಿಯಲಿಲ್ಲ. ಖಾರ ಜಾಸ್ತಿ ಎಂದು ಅನ್ನದ ಮೇಲೆ ತಪ್ಪು ಹೊರಿಸಿದೆ. ಉದಗೀರ ತಲುಪುವಾಗ ಇಳಿಹೊತ್ತಾಗಿತ್ತು. ಕೋಟೆ ನೋಡಿಬರೋಣ ಎಂದ ಪ್ರಸಾದ. ಗೋಡೆಯ ಪಕ್ಕ ನಡೆದೆವು. ನಾನು ಏನನ್ನೂ ನೋಡಲಿಲ್ಲ ಎಂದೇ ಹೇಳಬೇಕು.

ಮರುದಿನ ಹನ್ನೊಂದಕ್ಕೆ ಕಾರ್ಯಕ್ರಮ. ನಾಲ್ಕಾರು ಹಾಡಾದ ಮೇಲೆ ಹುಡುಗನ ಅಜ್ಜಿ ಒಂದು ಕನ್ನಡ ಭಜನೆ ತಾನೇ ಹಾಡುತ್ತೇನೆಂದು ಮುಂದೆ ಬಂದು ಕೂತಳು. ಹಾರ್ಮೋನಿಯಂ ಇರಲಿಲ್ಲ. ಮುದುಕಿ ಹಿಡಿದ ಶ್ರುತಿ ನನ್ನ ಗಿಟಾರಿನ ಯಾವ ಸ್ವರಮೇಳಕ್ಕೂ ಕೂಡಲಿಲ್ಲ. ನನ್ನ ಕೈ ನನ್ನನ್ನು ಕೇಳದೆ ಕಿವಿಗಳನ್ನು ಹಿಂಡಿತು. ಸಾ-ಪ-ಸಾ. ಅಜ್ಜಿ ಕಣ್ಣು ಮುಚ್ಚಿ ಹಾಡಿದಳು. ಮುಗಿದ ಮೇಲೆ ಪ್ರಸಾದ ನನ್ನ ಬೆನ್ನು ತಟ್ಟಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ.

ನಾನೇ ಕಂಡುಹಿಡಿದೆ ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ಮುಖ ಬಿಸಿಯಾಯಿತು. ಊಟದ ಎಲೆಯ ಮುಂದೆ ಕೂತಾಗಲೂ ಆರಲಿಲ್ಲ. ಥೂ, ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ತಂಡದವರು ವ್ಯಾನಿನಲ್ಲಿ ಲಾತೂರಿನ ಮೇಲೆ ಪುಣೆಗೆ ಹೊರಟರು. ನನಗೆ ಸಂಬಂಧಿಕರಿದ್ದಾರೆ ಎಂದು ಹೇಳಿ ಬಂದ ದಾರಿಯಲ್ಲೇ ತಿರುಗಿ ಬಸ್ಸು ಹತ್ತಿದೆ.

ಕಾಸಾರಶಿರಸಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. “ಕಾಕು, ನಾ ಶಿವ್ಯಾ” ಎಂದೆ. ಕಾಕು “ಯಾ, ಬಸಾ” ಎಂದಳು, ಬನ್ನಿ ಕೂಡ್ರಿ. ಚಹಾ ತರಿಸಿದಳು, ಕಪ್ಪು-ಬಸಿಯಲ್ಲಿ. ಹಿಂದೆಲ್ಲ ತನ್ನ ಲೋಟದ ಅರ್ಧ ಚಹಾವನ್ನು ನನಗೆ ಸುರಿದು ಕೊಡುತ್ತಿದ್ದಳು. ಕ್ಲಾಸಿನ ನಗೆ, ಬಸ್ಸಿನ ಮಾತು, ಉದಗೀರದ ಸುಳ್ಳು, ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ತಪ್ಪಾಯಿತು ಎಂದೆ. ಆಕೆ ಬಿಚ್ಚಿದ ಥಾನು ಸುತ್ತುತ್ತ ಕೇಳಿಸಿಕೊಂಡಳು. ಮಾತು ಮುಗಿದು ಮಾಡಲು ಬೇರೇನೂ ತೋಚದೆ ಗಿಟಾರ್ ತೆಗೆದು ತಂತಿಗಳನ್ನು ಆಕೆಯ ಶ್ರುತಿಗೆ ತಂದೆ. ನಾಲ್ಕನೆಯದು ಕೂಡಲಿಲ್ಲ. ಕಾಕುವಿನ ಕೈ ನಿಂತಿತು.

“ಇನ್ನಾ ಇಳದದ. ಹಿಂಡು.”

ಹಿಂಡಿದೆ. ಸಾಕು ಎಂದಳು. ಹಿಂಡ್ರಿ ಎನ್ನಲಿಲ್ಲ, ಹಿಂಡು ಎಂದಳು. ನನಗೆ ಅಳು ಬರುವ ಹಾಗಾಯಿತು, ಎಲ್ಲ ಸರಿಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಕುಬಸದ ಬಟ್ಟೆಗೆ ಒಬ್ಬ ಹೆಂಗಸು ಬಂದಳು. ನನ್ನ ಕಡೆ ನೋಡಿ, “ಇಂವ ಯಾರ್ರೀ ಕಾಕು?” ಎಂದು ಕೇಳಿದಳು.

ಕಾಕು ಗಜಕೋಲಿಗೆ ಬಟ್ಟೆ ಹಿಡಿದು ಅಳೆಯುತ್ತಲೇ, ಸಿಟ್ಟಿಲ್ಲದೆ, ನನ್ನದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು:

“ಗುರ್ತಿನವರವ್ವಾ.”

ಉಮರ್ಗಾದ ಬಸ್ಸು ಬಂತು. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಕಾಕು ಬಟ್ಟೆ ಹರಿದು ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. ಪುಣೆ ಮುಟ್ಟುವ ತನಕ ನಾನು ಗಿಟಾರಿನ ಕಿವಿಗಳನ್ನು ಮುಟ್ಟಲಿಲ್ಲ.