ಹೊನ್ನಕ್ಕನ ಅಂಗಡಿಯಲ್ಲಿಟ್ಟ ಹುಟ್ಟು

ದೋಸೆ ಹಿಟ್ಟು ಉಕ್ಕಿ ಪಾತ್ರೆಯ ಅಂಚಿನಿಂದ ಕಟ್ಟೆಗೆ ಇಳಿಯುತ್ತಿತ್ತು. ಸರಸ್ವತಮ್ಮ ಅತ್ತ ಕಣ್ಣು ಹಾಯಿಸಲಿಲ್ಲ. ಅಡುಗೆಮನೆಯ ನಟ್ಟನಡುವೆ ಮಣೆ ಹಾಕಿ, ಕಾಲು ಮುಂದಕ್ಕೆ ಚಾಚಿ ಕೂತು, ಅವರು ಸಮುದ್ರದಲ್ಲಿ ದೋಣಿ ನಡೆಸುತ್ತಿದ್ದರು. ಕೈಯಲ್ಲಿದ್ದ ಹುಟ್ಟೆಂದರೆ ಅಡಿಕೆ ಕೊಯ್ಯುವ ದೋಟಿಯ ತುಂಡು. ಅದರ ಎರಡು ತುದಿಗೂ ಅಡಿಕೆ ಹಾಳೆ ಕತ್ತರಿಸಿ ಸುತಳಿ ದಾರದಲ್ಲಿ ಬಿಗಿದಿದ್ದರು. ಬಲಕ್ಕೊಮ್ಮೆ ಎಡಕ್ಕೊಮ್ಮೆ ಹಾಳೆ ಗಾಳಿ ಸೀಳುವಾಗ ಒಲೆಯ ಉರಿ ಬಾಗಿ ಏಳುತ್ತಿತ್ತು.

"ಅಲ್ಲ ಮಾರಾಯ್ತಿ, ದೋಸೆ ಹುಯ್ಯೋ ಅಂದಾಜಿದೆಯಾ, ಇಲ್ಲಾ ಹೀಗೇ ತೇಲಿಕೊಂಡು ಹೋಗ್ತೀಯಾ?" ಎಂದು ಬಾಗಿಲಲ್ಲಿ ನಿಂತ ಗಂಡ ಶಂಕರನಾರಾಯಣ ಕೇಳಿದರು.

"ನಿಲ್ಲಿ ಇವ್ರೇ. ಗುಹೆ ಬಾಯಿಗೆ ಬಂದಿದೀನಿ," ಎಂದರು ಸರಸ್ವತಮ್ಮ.

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಂಕರನಾರಾಯಣರ ಪುಸ್ತಕದಂಗಡಿ. ಮನೆ ಅದರ ಮೇಲೆಯೇ. ಬೇಸಿಗೆ ಮುಗಿಯುವಾಗ ಶಾಲೆಯ ಪುಸ್ತಕ, ಯುಗಾದಿಯ ಮುಂಚೆ ಪಂಚಾಂಗ, ಉಳಿದ ದಿನಗಳಲ್ಲಿ ಪೆನ್ನು, ಗೋಂದು, ಬಣ್ಣದ ಕಾಗದ. ಪಂಚಾಂಗ ಮಾರಿ ಸುಮ್ಮನಿರುವ ಆಸಾಮಿಯಲ್ಲ ಅವರು. ಅಂಗಡಿಗೆ ಬಂದವರಿಗೆ ಬಾವಿ ತೋಡುವುದರಿಂದ ಹಿಡಿದು ಹೊಸ ಬೈಕು ತರುವವರೆಗೆ ಎಲ್ಲಕ್ಕೂ ದಿನ ನೋಡಿ ಹೇಳುವರು. ಪೌರೋಹಿತ್ಯದವರಲ್ಲ, ಯಾರೂ ಕಲಿಸಿದ್ದಲ್ಲ. ಓದಿ ಓದಿ ಒಲಿಸಿಕೊಂಡ ವಿದ್ಯೆ. ಬಾಳೆಹೊನ್ನೂರಿನಿಂದಲೂ ಜನ ಬಸ್ಸು ಹತ್ತಿ ಬಂದು ಕೇಳುತ್ತಿದ್ದರೆಂದರೆ ಅವರ ಎದೆ ಎಷ್ಟು ಉಬ್ಬಿರಬೇಕು ನೋಡಿ.

ಸರಸ್ವತಮ್ಮನ ತವರು ನರಸಿಂಹರಾಜಪುರದ ಆಚೆ, ಭದ್ರಾ ಹಿನ್ನೀರಿನ ಅಂಚು. ಅಪ್ಪನ ಗದ್ದೆ ನೀರಿನ ಆ ದಡದಲ್ಲಿ, ಮನೆ ಈ ದಡದಲ್ಲಿ. ಹಾಗಾಗಿ ಹುಡುಗಿ ಸೈಕಲ್ಲು ಕಲಿಯುವ ವಯಸ್ಸಿಗೆ ದೋಣಿ ಕಲಿತಳು. ಅಪ್ಪನಿಗೆ ಬುತ್ತಿ ಒಯ್ಯುವ ನೆಪದಲ್ಲಿ ನೀರಿನ ನಡುವೆ ತಲೆ ಎತ್ತಿದ್ದ ಗುಡ್ಡಗಳನ್ನೆಲ್ಲ ಸುತ್ತಿ ಬರುತ್ತಿದ್ದಳು. ಎರಡು ಗುಡ್ಡಗಳ ನಡುವೆ ಒಂದು ಸಂದು. ಒಳಗೆ ಕತ್ತಲೆ, ಆಚೆ ಎಲ್ಲೋ ಬಿಸಿಲಿನ ಚೂರು. "ಅದರೊಳಗೆ ಎಂತ ಇದೆ ಅಪ್ಪಯ್ಯ?" ಎಂದು ಕೇಳಿದರೆ, "ಮುಳುಗಿದ ಮರದ ಬೊಡ್ಡೆ ಇದೆ, ದೋಣಿ ಒಡೀತದೆ, ಆ ಕಡೆ ಮುಖ ಹಾಕ್ಬೇಡ" ಎನ್ನುತ್ತಿದ್ದ ಅಪ್ಪ. ನೋಡಬೇಕು ನೋಡಬೇಕು ಎನ್ನುವಷ್ಟರಲ್ಲಿ ಮದುವೆ. ಕೊಪ್ಪಕ್ಕೆ ಬಂದ ಮೇಲೆ ನೀರು ತುಂಬುವ ಕೊಳದಪ್ಪಲೆಗಿಂತ ದೊಡ್ಡ ನೀರು ಕೈಗೆ ಸಿಕ್ಕಲಿಲ್ಲ. ಮಕ್ಕಳು, ಮದುವೆ, ಬಾಣಂತನ, ಅಂಗಡಿಯಲ್ಲಿ ಪುಸ್ತಕಕ್ಕೆ ಬೈಂಡು ಹಾಕುವ ಕೆಲಸ. ಅರವತ್ತು ದಾಟಿದ್ದೇ ಗೊತ್ತಾಗಲಿಲ್ಲ.

ಹೀಗಿರುವಾಗ ದೀಪಾವಳಿಗೆ ಬಂದ ಅಣ್ಣನ ಮಗಳು ಅರ್ಪಣಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಥಾಯ್ಲೆಂಡಿನ ಕಡಲು. ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ದ್ವೀಪಗಳು, ಮೈತುಂಬ ಹಸಿರು. ಒಂದು ದ್ವೀಪದ ಬುಡದಲ್ಲಿ ಗುಹೆ. ಕಯಾಕ್ ಎಂಬ ಉದ್ದನೆಯ ಸಣ್ಣ ದೋಣಿಯಲ್ಲಿ ಇಬ್ಬಿಬ್ಬರು ಅಂಗಾತ ಮಲಗಿ ಆ ಗುಹೆಯಲ್ಲಿ ನುಸುಳುತ್ತಾರೆ. ಆಚೆ ಹೋದರೆ ಬೆಟ್ಟದ ಹೊಟ್ಟೆಯೊಳಗೇ ಒಂದು ಕೊಳ. ಸುತ್ತಲೂ ಕಲ್ಲಿನ ಗೋಡೆ, ಮೇಲೆ ಆಕಾಶದ ಒಂದು ತುಂಡು.

ಸರಸ್ವತಮ್ಮನಿಗೆ ಅಪ್ಪನ ಮಾತು ಕಿವಿಯಲ್ಲಿ ಕೂಗಿದಂತಾಯಿತು. "ಇದಕ್ಕೆ ನನ್ನ ಕರ್ಕೊಂಡು ಹೋಗ್ತೀಯಾ ಕೂಸೇ?" ಎಂದರು.

ಅರ್ಪಣಾ ಮತ್ತು ಅವಳ ಗಂಡ ಶಿಶಿರ ಒಂದು ದೋಣಿ, ಸರಸ್ವತಮ್ಮ ಮತ್ತು ಶಂಕರನಾರಾಯಣರು ಇನ್ನೊಂದು ದೋಣಿ ಎಂದು ಮಾತಾಯಿತು. ಪಾಸ್‌ಪೋರ್ಟು ಬಂತು. ಶಂಕರನಾರಾಯಣರು ಆ ದೇಶಕ್ಕೆ ಬರಲು ಒಪ್ಪಿದರು, ದೋಣಿಗೆ ಒಪ್ಪಲಿಲ್ಲ. "ನಾನು ದೊಡ್ಡ ಹಡಗಿನಲ್ಲಿ ಕುರ್ಚಿ ಮೇಲೆ ಕೂತು ನಿನ್ನ ನೋಡ್ತೀನಿ. ನಿನ್ನ ಜೊತೆ ಅಲ್ಲಿಯವರೇ ಯಾರಾದರೂ ಕೂರಲಿ" ಎಂದರು. ಪ್ರವಾಸದವರು ಕಳಿಸಿದ ದಿನಗಳ ವಿವರವನ್ನು ಮಾತ್ರ ಕನ್ನಡಕ ಏರಿಸಿಕೊಂಡು ಪಂಚಾಂಗದ ಪಕ್ಕ ಇಟ್ಟು ನೋಡಿದರು. ಗುಹೆಗೆ ಹೋಗುವ ದಿನ ಪುಷ್ಯ ಬಹುಳ ಅಮಾವಾಸ್ಯೆ.

"ಸತ್ಯಾನಾಶ. ಅಮಾವಾಸ್ಯೆ ದಿನ ಸಮುದ್ರಕ್ಕೆ ಇಳಿಯೋದಾ? ಒಂದು ವಾರ ಮುಂದಕ್ಕೆ ಹಾಕು ಅರ್ಪಣಾ. ರಥಸಪ್ತಮಿ ಬರ್ತದೆ. ನೀರಿಗೆ ಇಳಿಯೋದಕ್ಕೆ ಅದಕ್ಕಿಂತ ದಿನ ಬೇಕಾ?"

ದಿನ ಬದಲಾಯಿತು. ಸಮುದ್ರಯಾನಕ್ಕೆ ರಥಸಪ್ತಮಿ ಹುಡುಕಿ ತೆಗೆದದ್ದನ್ನು ಶಂಕರನಾರಾಯಣರು ಅಂಗಡಿಗೆ ರಬ್ಬರು ಕೊಳ್ಳಲು ಬಂದವರಿಗೂ ಹೇಳಿದರು. ಸರಸ್ವತಮ್ಮ ದೋಟಿಗೆ ಹಾಳೆ ಕಟ್ಟಿದ್ದೂ ಆಗಲೇ. ಭಾನುವಾರ ತವರಿಗೆ ಹೋಗಿ, ನಿಜವಾದ ದೋಣಿಯಲ್ಲಿ ಕೂತು, ಹಾಳೆಯ ಹುಟ್ಟು ಹಾಕಿ ನೋಡಿದರು. ದೋಣಿ ಹೋಯಿತು. ನೆಟ್ಟಗೆ ಹೋಯಿತು ಎನ್ನುವಂತಿಲ್ಲ, ಆದರೆ ಹೋಯಿತು. ದಡದಲ್ಲಿದ್ದ ಅಣ್ಣ ನಗುತ್ತ ಕೆಮ್ಮುತ್ತ ಬೇಲಿ ಹಿಡಿದುಕೊಂಡ.

ದೋಸೆ ಹಿಟ್ಟು ಉಕ್ಕಿದ ಬೆಳಿಗ್ಗೆಯೇ ಅರ್ಪಣಾಳ ಫೋನು ಬಂತು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಆ ದಿನ ಗುಹೆ ಒಳಗೆ ಬಿಡಲ್ಲವಂತೆ. ಹೊರಗಿಂದ ದ್ವೀಪ ಸುತ್ತಿಸ್ತಾರಂತೆ, ಅಷ್ಟೇ."

ಸರಸ್ವತಮ್ಮನ ಕೈಯಿಂದ ಹುಟ್ಟು ಜಾರಿತು. "ಯಾಕೆ?"

"ನೀರು ಇಳಿದಾಗ ಮಾತ್ರ ಗುಹೆ ಬಾಯಿ ತೆರೆಯೋದು. ಚಂದ್ರ ಅರ್ಧ ಇದ್ದಾಗ ನೀರು ಅಷ್ಟಾಗಿ ಇಳಿಯೋದೇ ಇಲ್ಲ. ಅದೂ ಅಲ್ಲದೆ ನಾವು ಹೋಗೋ ಮಧ್ಯಾಹ್ನದ ಹೊತ್ತಿಗೆ ಏರಿರ್ತದಂತೆ. ಮೊದಲಿನ ದಿನವೇ ಸರಿ ಇತ್ತಂತೆ. ಅದರಲ್ಲಿ ಇನ್ನೂ ಜಾಗ ಇದೆ, ನಾಳೆ ಸಂಜೆ ಒಳಗೆ ಹೇಳ್ಬೇಕು."

ದೋಸೆ ಅಂದು ಆಗಲೇ ಇಲ್ಲ. ಸರಸ್ವತಮ್ಮ ಮೆಟ್ಟಿಲಿಳಿದು ಅಂಗಡಿಗೆ ಬಂದು ಗಂಡನ ಮುಂದೆ ನಿಂತರು. "ನೀವು ಹಾಕಿದ ದಿನಕ್ಕೆ ಗುಹೆ ಬಾಗಿಲು ಮುಚ್ಚಿರ್ತದಂತೆ ಇವ್ರೇ. ಅಮಾವಾಸ್ಯೆಗೇ ತೆರೆಯೋದಂತೆ. ದ್ವೀಪ ಹೊರಗಿಂದ ಸುತ್ತೋಕೆ ನಾನು ಅಷ್ಟು ದೂರ ಬರಲ್ಲ. ಹೊರಗಿಂದ ಸುತ್ತಿದ್ದು ನನಗೆ ಚಿಕ್ಕಂದಿನಲ್ಲೇ ಸಾಕಾಗಿದೆ."

ಶಂಕರನಾರಾಯಣರ ಮುಖ ಮೊದಲು ಕೆಂಪಾಯಿತು. ಆಮೇಲೆ ಅರ್ಪಣಾಳಿಗೆ ಫೋನು ಮಾಡಿ, ಆ ಕಡಲಿನಲ್ಲಿ ನೀರು ಏರುವ ಇಳಿಯುವ ಹೊತ್ತುಗಳನ್ನು ಓದಿಸಿದರು. ಪಂಚಾಂಗ ತೆರೆದು ತಿಥಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಅಮಾವಾಸ್ಯೆ ಎಂದಾಗ ನೀರು ಪಾತಾಳಕ್ಕೆ ಇಳಿಯಿತು. ಸಪ್ತಮಿ ಅಷ್ಟಮಿಗೆ ಸೋಮಾರಿಯಂತೆ ನಿಂತಲ್ಲೇ ನಿಂತಿತು. ಹುಣ್ಣಿಮೆಗೆ ಮತ್ತೆ ಇಳಿಯಿತು. ಮುಂದಿನ ತಿಂಗಳದ್ದನ್ನು ಅವಳು ಓದುವ ಮೊದಲೇ ಇವರು ಹೇಳತೊಡಗಿದರು. ಅವಳು ಸರಿ, ಸರಿ ಎನ್ನುತ್ತ ಹೋದಳು. ಅವರ ಕಣ್ಣು ಅರಳಿದ್ದು ನೋಡಬೇಕಿತ್ತು. ಬಾವಿ, ಬೈಕು, ಗೃಹಪ್ರವೇಶ ಎಂದು ಈ ಬೀದಿಯಲ್ಲೇ ಸವೆದ ಪಂಚಾಂಗ, ಕಂಡು ಕೇಳರಿಯದ ಸಮುದ್ರವೊಂದನ್ನು ಏರಿಸಿ ಇಳಿಸುತ್ತಿತ್ತು.

"ಹೆಂಗೆ ಕೂರ್ತದೆ ನೋಡೇ" ಎಂದು ಪುಸ್ತಕ ತಟ್ಟಿದರು. ಮರುಗಳಿಗೆ ಹೆಗಲು ಕುಸಿಯಿತು. "ಆದರೆ ನಾನು ಹೆಂಗೆ ಬರಲಿ? ಸಪ್ತಮಿ ಅಂತ ಊರಿಗೆಲ್ಲ ಸಾರಿದೀನಿ. ಊರಿಗೆ ಅಮಾವಾಸ್ಯೆ ಬೇಡ ಅಂದೋನೇ ಹೆಂಡತಿ ಕರ್ಕೊಂಡು ಅಮಾವಾಸ್ಯೆಗೆ ನೀರಿಗೆ ಇಳಿದ ಅಂದ್ರೆ, ನಾಳೆ ಯಾವನು ನನ್ನ ಹತ್ರ ದಿನ ಕೇಳ್ತಾನೆ?"

ಎದುರಿನ ಹೂವಿನಂಗಡಿಯ ಹೊನ್ನಕ್ಕ ಮಾಲೆ ಕಟ್ಟುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಬೀದಿಯಲ್ಲಿ ಅವಳ ಕಿವಿಗೆ ಬೀಳದ ಮಾತು ಹುಟ್ಟಿರಲಿಲ್ಲ.

"ಅಲ್ಲ ಶಂಕರಣ್ಣ, ನನ್ನ ಮಗಳು ಮಂಗಳವಾರ ಹೊರಡಬೇಕಾದಾಗ ನೀವೇ ಅಲ್ವಾ ಪ್ರಸ್ಥಾನ ಇಡಿಸಿದ್ದು? ಸೋಮವಾರವೇ ಅವಳ ಸೀರೆ ತಂದು ನಿಮ್ಮ ಅಂಗಡೀಲಿ ಇಡಿಸಿದ್ರಿ. ಇಟ್ಟ ಗಳಿಗೆಯಲ್ಲೇ ಪ್ರಯಾಣ ಶುರುವಾದ ಹಂಗೆ, ಆಮೇಲೆ ಯಾವಾಗ ಹೋದ್ರೂ ದೋಷ ಇಲ್ಲ ಅಂದ್ರಿ. ನಿಮಗೊಂದು ಶಾಸ್ತ್ರ, ನಮಗೊಂದಾ?"

"ಹೊರಡೋ ದಿನ ಚೆನ್ನಾಗೇ ಇದೆ ಹೊನ್ನಕ್ಕ. ತೊಂದರೆ ಇರೋದು ದೋಣಿ ಹತ್ತೋ ದಿನದ್ದು."

"ಹಂಗಾದ್ರೆ ದೋಣಿಯದ್ದೇ ಪ್ರಸ್ಥಾನ ಇಡಿ. ಸರಸ್ವತಮ್ಮನ ಆ ಹಾಳೆ ಕೋಲು ಇದೆಯಲ್ಲ, ಮೊನ್ನೆಯಿಂದ ಕಿಟಕೀಲಿ ಕಾಣ್ತಾ ಇದೆ. ನಾನು ಜೇಡರ ಬಲೆ ತೆಗೆಯೋ ಕೋಲು ಅಂದ್ಕೊಂಡಿದ್ದೆ."

ಶಂಕರನಾರಾಯಣರು ಪಂಚಾಂಗದ ಹಾಳೆ ಮಗುಚಿದರು. "ಬರ್ತದೆ," ಎಂದರು ಮೆಲ್ಲಗೆ. "ಶಾಸ್ತ್ರದಲ್ಲಿ ಬರ್ತದೆ." ಅಂದು ಸಂಜೆಯೇ ಅರ್ಪಣಾ ಹಳೆಯ ದಿನಕ್ಕೆ ಜಾಗ ಹಿಡಿದಳು.

ಹೊರಡುವ ವಾರ ಬಂತು. ಒಳ್ಳೆಯ ಗಳಿಗೆ ನೋಡಿ, ಬೆಳಗಿನ ಬಸ್ಸುಗಳ ಗದ್ದಲ ಇಳಿದು ಅಂಗಡಿಯವರ ಕೈ ಖಾಲಿಯಾದ ಮೇಲೆ, ಸರಸ್ವತಮ್ಮ ಹುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ವೀಳ್ಯದೆಲೆ ಅಡಿಕೆ ಜೊತೆಗಿಟ್ಟುಕೊಂಡು ರಸ್ತೆ ದಾಟಿದರು. ಶಂಕರನಾರಾಯಣರು ಹಿಂದೆ ಬಂದರು. ಬೀದಿಯವರೆಲ್ಲ ನೋಡಲಿ ಎಂದೇ ಅವರು ಈ ಹೊತ್ತು ಆರಿಸಿದ್ದು. ಸೈಕಲ್ ಶಾಪಿನವನು, ಹೋಟೆಲಿನ ಸುಂದರೇಶ್, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸೇರಿದರು.

"ಏನಣ್ಣ, ಸಮುದ್ರ ಗುಡಿಸೋಕೆ ಹೊರಟ್ರಾ?" ಎಂದ ಸುಂದರೇಶ್.

"ನಗು ಮಾರಾಯ, ನಗು. ಇದು ಪ್ರಸ್ಥಾನ," ಎಂದು ಶಂಕರನಾರಾಯಣರು ಗಂಟಲು ಸರಿ ಮಾಡಿಕೊಂಡು ಶಾಸ್ತ್ರವನ್ನು ಬಿಡಿಸಿ ಹೇಳಿದರು. ಕೊನೆಗೆ, "ಯಾರು ಹೊರಡ್ತಾರೋ ಅವರೇ ತಮ್ಮ ಕೈಯಾರೆ ತಮ್ಮ ವಸ್ತು ಇಡಬೇಕು. ಇಡದೋರಿಗೆ ಅದು ಸಲ್ಲೋದಿಲ್ಲ" ಎಂದು ಒತ್ತಿ ಹೇಳಿದರು.

ಸರಸ್ವತಮ್ಮ ಹುಟ್ಟನ್ನು ಮಲ್ಲಿಗೆ ಬುಟ್ಟಿಯ ಪಕ್ಕ ಗೋಡೆಗೆ ಒರಗಿಸಿ ಕೈ ಮುಗಿದರು. ಹೊನ್ನಕ್ಕ ಅದರ ಮೇಲೊಂದು ಸೇವಂತಿಗೆ ಇಟ್ಟಳು. ಇಟ್ಟು, ಶಂಕರನಾರಾಯಣರನ್ನೇ ನೋಡಿದಳು.

"ನಿಮ್ಮದು ಎಲ್ಲಿ ಶಂಕರಣ್ಣ?"

"ನಾನು ದೋಣಿ ಹತ್ತಲ್ಲ ಹೊನ್ನಕ್ಕ. ಹಡಗಿನಲ್ಲಿ ಕೂರ್ತೀನಿ."

ಬೆಟ್ಟದ ಹೊಟ್ಟೆಯ ಕೊಳದಲ್ಲಿ, ಭಾಷೆ ಬಾರದ ಯಾರೋ ಅಪರಿಚಿತನ ಜೊತೆ ಕೂತು, ನೋಡಿ ಇವ್ರೇ ಎನ್ನಲು ಯಾರೂ ಇಲ್ಲದಿರುವುದನ್ನು ಸರಸ್ವತಮ್ಮ ಆಗಲೇ ಕಂಡು ಬಂದವರಂತೆ ನಿಂತಿದ್ದರು. ಅಷ್ಟು ದಿನದ ಉತ್ಸಾಹದ ಮುಖದಲ್ಲಿ ಅದೊಂದು ಮೋಡ. ಶಂಕರನಾರಾಯಣರಿಗೆ ಅದು ಕಂಡಿತು.

ಇನ್ನೊಂದೂ ಕಂಡಿತು. ಅಮಾವಾಸ್ಯೆಯ ಮಧ್ಯಾಹ್ನ ಆ ಗುಹೆ ತೆರೆಯುತ್ತದೆಂದು ಪಂಚಾಂಗ ಹಿಡಿದು ಸಾಧಿಸಿದವರು ತಾವು. ಅದು ತೆರೆದದ್ದನ್ನು ಕಣ್ಣಾರೆ ನೋಡದೆ ಹಡಗಿನ ಕುರ್ಚಿಯ ಮೇಲೆ ಕೂರಲಾದೀತೆ?

ಹೆಗಲ ಮೇಲಿದ್ದ ಬೈರಾಸು ಟವೆಲನ್ನು ತೆಗೆದರು. ಮಡಿಸಲು ಹೋಗಿ, ಬಿಚ್ಚಿ, ಹುಟ್ಟಿನ ನಡುವಿಗೆ ಗಟ್ಟಿಯಾಗಿ ಎರಡು ಗಂಟು ಹಾಕಿದರು.

"ಲೈಫ್ ಜಾಕೆಟ್ ಕೊಡ್ತಾರಂತಲ್ಲ?" ಎಂದರು ಯಾರ ಮುಖವನ್ನೂ ನೋಡದೆ.

"ಎರಡು ಬೇಕಾದ್ರೂ ಹಾಕ್ಕೊಳ್ಳಿ," ಎಂದರು ಸರಸ್ವತಮ್ಮ. ನಗು ಬಾಯಿಂದ ಹೊರಟು ಕಿವಿಯವರೆಗೆ ಹೋಗಿತ್ತು.

ಇಟ್ಟ ಪ್ರಸ್ಥಾನವನ್ನು ಹೊರಡುವ ತನಕ ಮನೆಗೆ ತರುವಂತಿಲ್ಲ. ಆ ಸಂಜೆ ಸರಸ್ವತಮ್ಮನಿಗೆ ಅಭ್ಯಾಸಕ್ಕೆ ಹುಟ್ಟಿರಲಿಲ್ಲ. ಒಲೆಯ ಮುಂದೆ ಕೂತು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಮೆಟ್ಟಿಲ ಮೇಲೆ ದಡಬಡ ಸದ್ದು. ಶಂಕರನಾರಾಯಣರು ಎಲ್ಲಿಂದಲೋ ಎರಡು ಬಿದಿರಿನ ಕೋಲು, ಕಂಕುಳಲ್ಲಿ ನಾಲ್ಕು ಹಾಳೆ ಹಿಡಿದು ಬಂದಿದ್ದರು. ಇನ್ನೊಂದು ಮಣೆ ಎಳೆದು ಹೆಂಡತಿಯ ಮಣೆಯ ಹಿಂದೆ ಹಾಕಿದರು.

"ಅಲ್ಲಲ್ಲ," ಎಂದರು ಸರಸ್ವತಮ್ಮ. "ಹಿಂದೆ ಕೂತವರೇ ದೋಣಿ ತಿರುಗಿಸೋದು. ನೀವು ಮುಂದೆ ಬನ್ನಿ."

ಅವರು ಮುಂದೆ ಹೋಗಿ ಕಾಲು ಚಾಚಿ ಕೂತರು.