ರಬ್ಬರಿಗೆ ಸಿಗದ ದೀರ್ಘಗಳು

ಇಂಗ್ಲಿಷ್ ನನಗೆ ಬರುತ್ತದೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಕಾರ್ಖಾನೆಯ ಆಫೀಸಿನಲ್ಲಿ ಕೂತು 'ವಿತ್ ರೆಫರೆನ್ಸ್ ಟು' ಎಂದು ದಿನಕ್ಕೆ ಹತ್ತು ಸಲ ಬರೆಯುವವನಿಗೆ ಇಂಥ ಭ್ರಮೆ ಸಹಜ. ಬರೆಯುವುದಕ್ಕೆ ಬಾಯಿ ಬೇಕಾಗಿಲ್ಲವಲ್ಲ.

ಬಾಯಿ ಬೇಕಾದದ್ದು ಅರವತ್ತರ ದಶಕದ ಕೊನೆಯಲ್ಲಿ, ಮಗಳು ಸುಮಾಳನ್ನು ಕಾನ್ವೆಂಟಿಗೆ ಸೇರಿಸಲು ಹೊರಟಾಗ. ನಾವಾಗ ಹಲಸೂರಿನಲ್ಲಿದ್ದೆವು. ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರೂ ಬಂದು, ತಾವು ಕಲಿಸುವ ಪುಸ್ತಕದಿಂದಲೇ ಇಂಗ್ಲಿಷ್ ಓದಿ ತೋರಿಸಬೇಕು ಎಂಬುದು ಆ ಶಾಲೆಯ ಪದ್ಧತಿ. ಬಾಯಿಬಿಟ್ಟು ಓದಲು ನನಗೇ ಬರುತ್ತಿರಲಿಲ್ಲ; ನಮ್ಮ ಮನೆಯಲ್ಲಿ ಪಾಠ ಹೇಳಿಕೊಡುವವಳು ನನ್ನ ಹೆಂಡತಿ ಶಾರದೆ. ಅವಳು ಓದಿದ್ದು ಕನ್ನಡದಲ್ಲಿ, ಮಿಡ್ಲ್ ಸ್ಕೂಲಿನವರೆಗೆ. ಓದಲಾಗದಿದ್ದರೆ ಮಗಳಿಗೆ ಸೀಟು ತಪ್ಪುವುದು ತನ್ನಿಂದಲೇ ಎಂಬ ಹೆದರಿಕೆ ಅವಳಿಗೆ.

ಶಿವಾಜಿನಗರದಿಂದ ಹಳೆಯ ಇಂಗ್ಲಿಷ್ ರೀಡರ್ ಒಂದನ್ನು ತಂದಳು. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಡಾಲಿ ಆಂಟಿ ಕಾಂಪೌಂಡ್ ಗೋಡೆಗೆ ಒರಗಿ ಒಂದೊಂದೇ ಪದ ಓದುವುದು, ಈಚೆಯಿಂದ ಇವಳು ಅದರ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದುಕೊಳ್ಳುವುದು. ಬರೆಯುವಾಗ ಒತ್ತುವುದು ಅವಳ ಅಭ್ಯಾಸ. ದೀರ್ಘ ಬಂದಲ್ಲಂತೂ ಎಳೆಯಲು ಮರೆಯಬಾರದೆಂದು ಕಾಗದ ಹರಿಯುವಷ್ಟು ಒತ್ತುತ್ತಿದ್ದಳು.

ನಮ್ಮ ಅಕ್ಷರಗಳು ಏನನ್ನೂ ಮುಚ್ಚಿಡುವುದಿಲ್ಲ. 'ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ' ಎಂದು ಹಾಡಿಕೊಂಡು ಬೆಳೆದವರು ನಾವು. ಎಳೆಯಬೇಕಾದಲ್ಲಿ ದೀರ್ಘ ಎದುರಿಗೇ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. 'ಕಿಟ್' ಎಂಬುದರ ಕೊನೆಗೆ ಒಂದು 'ಇ' ತಂದು ಕೂರಿಸಿದರೆ ಅದು 'ಕೈಟ್' ಆಗಿಬಿಡುತ್ತದೆ. ಆ 'ಇ' ತಾನು ಮಾತ್ರ ತುಟಿ ಬಿಚ್ಚುವುದಿಲ್ಲ. ಮದುವೆಮನೆಯ ಸೋದರಮಾವನಂತೆ ಮೂಲೆಯಲ್ಲಿ ಕೂತೇ ಎಲ್ಲರನ್ನೂ ಕುಣಿಸುತ್ತದೆ. ಎರಡು 'ಓ' ಜೋಡಿಸಿದರೆ 'ಮೂನ್'ನಲ್ಲಿ ದೀರ್ಘ, 'ಬುಕ್'ನಲ್ಲಿ ಹ್ರಸ್ವ. ಯಾಕೆಂದು ಶಾರದೆ ಕೇಳಿದ್ದಕ್ಕೆ ಡಾಲಿ ಆಂಟಿ, ತಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದರು ಎಂದರಂತೆ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ಸಂದರ್ಶನದ ಬೆಳಿಗ್ಗೆ ಶಾರದೆ ಮಗಳಿಗೆ ಜಡೆ ಹಾಕುತ್ತಿದ್ದಾಗ ನಾನು ಆ ಪುಸ್ತಕ ತಿರುವಿದೆ. ಪುಟದ ತುಂಬ ಕನ್ನಡ. ಶಾಲೆಯ ಸಿಸ್ಟರ್ ನೋಡಿದರೆ ಏನಂದುಕೊಂಡಾರು ಎಂದು ನಾಚಿಕೆಯಾಯಿತು. ರಬ್ಬರ್ ಹಿಡಿದು ಎಲ್ಲವನ್ನೂ ಉಜ್ಜಿಬಿಟ್ಟೆ. ಅವಳಿಗೆ ಒಂದು ಮಾತು ಹೇಳಬೇಕೆಂಬ ಬುದ್ಧಿಯೂ ಬರಲಿಲ್ಲ.

ಶಾಲೆಯಲ್ಲಿ ಮುಖ್ಯಸ್ಥೆಯಾಗಿದ್ದ ಸಿಸ್ಟರ್ ಎದುರಿಗೆ ಅವಳು ಪುಸ್ತಕ ತೆರೆದಳು. ಪುಟ ಬೋಳಾಗಿತ್ತು. ಅವಳು ಮುಂದಿನ ಹಾಳೆ ತಿರುವಿದಳು, ಅದೂ ಬೋಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.  ಆಮೇಲೆ ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ಸೀಸ ಅಳಿಸಿಹೋಗಿತ್ತು, ಒತ್ತಿದ ಗೆರೆ ಹೋಗಿರಲಿಲ್ಲ. ಬೆರಳಾಡಿಸುತ್ತ ಒಂದು ದೀರ್ಘವನ್ನೂ ಬಿಡದೆ ಓದಿದಳು.

ಸಿಸ್ಟರ್ ಪುಸ್ತಕ ಈಸಿಕೊಂಡು ನೋಡಿದರು. "ಇಲ್ಲಿ ಏನೋ ಬರೆದಿತ್ತಲ್ಲ?"

"ಕನ್ನಡದಲ್ಲಿ ಬರ್ಕೊಂಡಿದ್ದೆ ಸಿಸ್ಟರ್. ಅದನ್ನ ನೋಡ್ಕೊಂಡೇ ಕಲ್ತೆ, ಮಗೂಗೂ ಕಲ್ಸಿದೆ."

"ಮತ್ತೆ ಅಳಿಸಿದ್ದು ಯಾಕೆ?"

"ಮನೇಲಿ ರಬ್ಬರ್ ಸುಮ್ನೆ ಬಿದ್ದಿತ್ತು," ಎಂದಳು ಶಾರದೆ. ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೀಟು ಸಿಕ್ಕಿತು. ನಾನು ದಾರಿಯುದ್ದಕ್ಕೂ ತಪ್ಪೊಪ್ಪಿಕೊಳ್ಳುತ್ತ ಬಂದೆ, ಅವಳು ಸೊಪ್ಪಿನ ಬಗ್ಗೆ ಮಾತಾಡಿದಳು. ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಪುಸ್ತಕ ಬಿಚ್ಚಿ ಕೂತಳು. ಪೆನ್ಸಿಲ್ ಹುಡುಕಿ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟಳು.

"ರೀ, ನಿಮ್ಮ ಆಫೀಸ್ ಪೆನ್ನು ಕೊಡಿ," ಎಂದಳು.

ಮಸಿ ತುಂಬಿಸಿ ಕೊಟ್ಟೆ.